ಮಗುಚಿದ ಸಾವಕಾರ

ಬೆಂದ ಬಟಾಣಿಯ ಸಿಪ್ಪೆಯನ್ನು ಒಂದೇ ಕೈಯಿಂದ ಸುಲಿಯುವುದೇನು ಅಂಥ ದೊಡ್ಡ ವಿದ್ಯೆಯಲ್ಲ. ಆದರೂ ತ್ರ್ಯಂಬಕನಿಗೆ ಅದು ಕೈಹತ್ತಲು ಇಡೀ ಮಳೆಗಾಲ ಬೇಕಾಯಿತು. ಕಾಳನ್ನು ತಟ್ಟೆಯ ಅಂಚಿಗೆ ಒತ್ತಿ ಹಿಡಿದು ಹೆಬ್ಬೆರಳಿನ ಉಗುರಿನಿಂದ ಚೂರು ಚಿವುಟಿದರೆ ಒಳಗಿನ ಹಸಿರು ತಾನಾಗಿ ಜಾರಿ ಹೊರಗೆ ಬರುತ್ತದೆ, ಒಂದಿಷ್ಟು ಜೋರಾಯಿತೋ, ಕಾಳು ಹಾರಿ ಮಂಚದ ಕೆಳಗೆ. ಸುಲಿದದ್ದನ್ನು ಬೆರಳ ತುದಿಯಲ್ಲಿ ಅರೆದು ಸಾಸಿವೆಯಷ್ಟು ಉಂಡೆ ಮಾಡಿಟ್ಟುಕೊಳ್ಳಬೇಕು. ಆಮೇಲೆ ಎಡಗೈ. ಅದು ತಾನಾಗಿ ಎಲ್ಲಿಗೂ ಹೋಗುವ ಪೈಕಿಯದಲ್ಲ, ಮಲಗಿದ ಮಗುವನ್ನು ಎತ್ತಿದ ಹಾಗೆ ಬಲಗೈಯಿಂದ ಎತ್ತಿ ಒಯ್ದು ಗಾಜಿನ ತೊಟ್ಟಿಯ ನೀರಿನೊಳಗೆ ಅಂಗಾತ ಇಳಿಸಬೇಕು. ಇಳಿಸಿ ಸುಮ್ಮನೆ ಕೂತರೆ, ಹೊಟ್ಟೆ ಮೇಲಾಗಿ, ಬೆನ್ನು ಕೆಳಗಾಗಿ ತೇಲುತ್ತಿದ್ದ ಬಂಗಾರದ ಬಣ್ಣದ ಮೀನು ಬಾಲ ಬಡಿಯುತ್ತ ಅಡ್ಡಾದಿಡ್ಡಿಯಾಗಿ ಬಂದು ಆ ಅಂಗೈಯ ಮೇಲೆ ತಂಗುತ್ತಿತ್ತು. ಬಲಗೈಯ ಒಂದು ಬೆರಳಿನಿಂದ ಅದನ್ನು ನೆಟ್ಟಗೆ ತಿರುಗಿಸಿ, ಬೀಳದ ಹಾಗೆ ಆತು ಹಿಡಿದು, ಬಾಯಿಗೆ ಉಂಡೆ ತೋರಿಸಿದರೆ ಸಾವಕಾರ ಬಾಯಿ ತೆರೆಯುತ್ತಿದ್ದ. ಗಟ್ಟಿಮುಟ್ಟಾದ ಕೈಯಾದರೆ ಮೀನು ಹೆದರಿ ಜಿಗಿಯುತ್ತದೆ, ಅದು ಬಲಗೈಯಲ್ಲಿ ಒಮ್ಮೆ ಮಾಡಿ ನೋಡಿ ತಿಳಿದ ಮಾತು. ಹಿಡಿಯಲು ಬಾರದ ಕೈಯೇ ಈ ಕೆಲಸಕ್ಕೆ ಬೇಕಾದ ಕೈ ಎಂದು ಗೊತ್ತಾದ ದಿನ ತ್ರ್ಯಂಬಕ ಒಬ್ಬನೇ ಬಹಳ ಹೊತ್ತು ನಕ್ಕಿದ್ದ.

ಸಾವಕಾರ ಎಂದು ಹೆಸರಿಟ್ಟವಳು ಮಗಳು ಮುಗ್ಧಾ, ಅದರ ಡೊಳ್ಳುಹೊಟ್ಟೆ ನೋಡಿ. ಹೋದ ವರ್ಷ ಅಪ್ಪನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ತಂದು ಮಲಗಿಸಿದ ವಾರದಲ್ಲಿ, 'ಬಾಬಾ, ನೋಡ್ಲಿಕ್ಕೆ ಏನರೆ ಬೇಕಲ್ಲ ನಿಮಗ' ಎಂದು ಖಾಸಬಾಗದ ಪೇಟೆಯಿಂದ ತಂದು, ಮಂಚದ ಎಡಗಡೆಗೆ ಸ್ಟೂಲಿನ ಮೇಲೆ ಇಟ್ಟು, ತಾನು ಧಾರವಾಡದ ಹಾಸ್ಟೆಲ್ಲಿಗೆ ಹೋಗಿಬಿಟ್ಟಳು. ಎಡಗಡೆಗೆ ಇಟ್ಟದ್ದು ಬೇಕೆಂತಲೇ. ಲಕ್ವ ಹೊಡೆದ ಮೇಲೆ ಅವನ ಪಾಲಿಗೆ ಎಡಗಡೆ ಎನ್ನುವುದೇ ಇಲ್ಲವಾಗಿತ್ತು. ಕಣ್ಣೇನೋ ಕಾಣುತ್ತಿತ್ತು, ಮನಸ್ಸು ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ಎಡಕ್ಕೆ ಬಾಗಿಲಿದ್ದರೆ ಅದು ಬಾಗಿಲಲ್ಲ, ಎಡಕ್ಕೆ ಹೆಂಡತಿ ನಿಂತಿದ್ದರೆ ಮನೆಯಲ್ಲಿ ಯಾರೂ ಇಲ್ಲ. ಊಟಕ್ಕೆ ಕೂತರೆ ತಟ್ಟೆಯ ಬಲಗಡೆಯ ಅನ್ನ ಮುಗಿಸಿ ಎದ್ದುಬಿಡುತ್ತಿದ್ದ, ಇನ್ನರ್ಧ ಹಾಗೇ ಉಳಿದಿರುತ್ತಿತ್ತು. ಹೆಂಡತಿ ಸುಲಭಾ ನಡುವೆ ಬಂದು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಹೋಗುವಳು. ಬಂದವರ ಮುಂದೆ ತಟ್ಟೆ ತಿರುಗಿಸಿದಾಗ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಉಳಿದಂತೆ ದಿನವೆಲ್ಲ ಅವಳದು ಒಂದೇ ಮಾತು, 'ಎಡಕ್ಕ ನೋಡ್ರಿ.' ಚಪ್ಪಲಿ ಎಲ್ಲಿ? ಎಡಕ್ಕ ನೋಡ್ರಿ. ಗುಳಿಗೆ? ಎಡಕ್ಕ ನೋಡ್ರಿ. ಹೀಗಿರುವಾಗ ಒಂದು ಮಧ್ಯಾಹ್ನ, ಇಲ್ಲದ ಆ ಕಡೆಯಿಂದ ಕಿತ್ತಳೆ ಬಣ್ಣದ್ದೇನೋ ಮಿಂಚಿ ಹೋಯಿತು. ಮತ್ತೊಮ್ಮೆ ಮಿಂಚಿತು. ಕತ್ತು ಅದರ ಹಿಂದೆ ತಿರುಗಿತು. ಅಲ್ಲಿ ಒಂದು ಕಿಟಕಿ ಇದೆ, ಕಿಟಕಿಯಾಚೆ ನೇಕಾರರ ಮನೆಯ ಹಂಚು ಇದೆ, ಒಣಹಾಕಿದ ನೂಲು ಇದೆ ಎಂದು ಅವನಿಗೆ ಆಗ ಕಂಡಿತು. ಅರ್ಧ ಜಗತ್ತನ್ನು ತಿರುಗಿ ತಂದುಕೊಟ್ಟ ಜೀವ ಅದು.

ಈ ಬೇಸಿಗೆಯಲ್ಲಿ ಆ ಜೀವವೇ ಮಗುಚಿತು. ಮೊದಲು ಒಂದು ಪಕ್ಕಕ್ಕೆ ವಾಲಿತು, ಒಂದೆರಡು ವಾರದಲ್ಲಿ ಪೂರ್ತಿ ಅಂಗಾತ. ಒಳಗಿನ ಗಾಳಿಚೀಲ ಕೆಟ್ಟಿದೆ, ಇನ್ನು ಸರಿಯಾಗುವುದಿಲ್ಲ ಎಂದು ಮೀನು ಮಾರಿದ ಅಂಗಡಿಯವನು ಫೋನಿನಲ್ಲೇ ಹೇಳಿದ. 'ಅದನ್ನ ಒಗದು ಬ್ಯಾರೇದು ಒಯ್ರಿ ಸರ್' ಎಂದೂ ಹೇಳಿದ. ತ್ರ್ಯಂಬಕ ಒಗೆಯಲಿಲ್ಲ. ನೀರಿನ ಮೇಲೆ ಬಂದ ಹೊಟ್ಟೆ ಒಣಗಿ ಬಿರಿಯದಂತೆ ತಾಸಿಗೊಮ್ಮೆ ಬೆರಳಿನಿಂದ ತೋಯಿಸುತ್ತ, ಬಟಾಣಿ ತಿನ್ನಿಸುತ್ತ, ಒಂದು ದಿನ ಮೊದಲೇ ತುಂಬಿಟ್ಟು ಔಷಧದ ವಾಸನೆ ಹೋದ ನಳದ ನೀರನ್ನು ಸುಲಭಾಳ ಕೈಯಿಂದ ಬದಲಾಯಿಸುತ್ತ ಕೂತ. ಕಚೇರಿಯಿಂದ ನೋಡಲು ಬಂದ ಬಸವಪ್ರಸಾದ ಅವನಿಗೆ ಕಿವಿಯೂ ಹೋಗಿದೆಯೇನೋ ಎನ್ನುವಂತೆ, 'ಸರ್, ಹೆಂಗದೀರಿ' ಎಂದು ಗಂಟಲು ಹರಿಯುವಂತೆ ಕೇಳಿ, ಎಳನೀರು ಇಟ್ಟು, ತೊಟ್ಟಿಯ ಕಡೆ ಒಮ್ಮೆ, ಮಂಚದ ಕಡೆ ಒಮ್ಮೆ ನೋಡಿ, ಎರಡನ್ನೂ ನೋಡಲಿಲ್ಲ ಎನ್ನುವಂತೆ ಮುಖ ಮಾಡಿಕೊಂಡು ಹೋದ.

ಹೋದ ವಾರದ ಸಂಗತಿ ಬೇರೆ. ದೇವರ ಪೂಜೆ ಮೊದಲಿನಿಂದಲೂ ತ್ರ್ಯಂಬಕನದೇ. ಕಾಲು ನಿಲ್ಲುವಂತಾದ ಮೇಲೆ ಹಟ ಹಿಡಿದು ಮತ್ತೆ ಶುರು ಮಾಡಿದ್ದ. ಅಭಿಷೇಕಕ್ಕೆಂದು ಎಡಗೈಯ ಮೇಲೆ ಇಟ್ಟುಕೊಂಡ ಅನ್ನಪೂರ್ಣೆ ಜಾರಿ ಫರಸಿಯ ಮೇಲೆ ಬಿದ್ದಳು. ಹೆಬ್ಬೆರಳೆತ್ತರದ ಹಿತ್ತಾಳೆಯ ಮೂರ್ತಿ, ಸೌಟು ಹಿಡಿದ ಕೈ ಭುಜದ ಹತ್ತಿರ ಮುರಿದುಹೋಯಿತು. ಮದುವೆಯಲ್ಲಿ ತವರಿನಿಂದ ಹೆಣ್ಣುಮಗಳ ಮಡಿಲಿಗೆ ಹಾಕಿ ಕಳಿಸುವ ಅನ್ನಪೂರ್ಣೆ ಅದು, ಅಕ್ಕಿ ತುಂಬಿದ ಬಟ್ಟಲಿನಲ್ಲಿ ಇಪ್ಪತ್ತೆಂಟು ವರ್ಷ ಕೂತಿದ್ದಳು. ಶಬ್ದ ಕೇಳಿ ಒಳಗೆ ಬಂದ ಸುಲಭಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರ್ತಿಯನ್ನೂ ಕೈಯನ್ನೂ ಆಯ್ದು ಕಣ್ಣಿಗೆ ಒತ್ತಿಕೊಂಡು, ಕೆಂಪು ಖಣದ ತುಂಡಿನಲ್ಲಿ ಕಟ್ಟಿ ಮಾಡದ ಮೇಲಿಟ್ಟಳು. ಅಕ್ಕಿಯ ಬಟ್ಟಲು ಅಂದಿನಿಂದ ಬರಿದಾಗಿಯೇ ಉಳಿಯಿತು.

ಈ ಬೆಳಿಗ್ಗೆ ಪಾಠ ಹೇಳಲು ಸಾಲಿಗೆ ಹೊರಡುವ ಗಡಿಬಿಡಿಯಲ್ಲಿ ಅವಳು ಆ ಗಂಟನ್ನು ತಂದು ಅವನ ಮುಂದೆ, ಬಲಗಡೆಗೆ ಇಟ್ಟಳು. 'ಇವತ್ತ ಖಾನಾಪುರಕ್ಕ ಹೋಗಿ ಬಂದುಬಿಡ್ರಿ. ಆಯಿ ಕೊಟ್ಟದ್ದು, ನಮ್ಮೂರ ಹೊಳಿಗೇ ಹೋಗಲಿ.'

'ನಾ ಒಬ್ಬನ?'

'ಮತ್ತ? ನನಗ ಸಾಲಿ ಅದ. ಕೋಲು ಅದ, ಫೋನ್ ಅದ, ತಾಸಿನ ದಾರಿ. ಎಷ್ಟು ದಿನ ಈ ಖೋಲ್ಯಾಗ ಕೂಡ್ತೀರಿ?' ಎಂದಳು. ಸೆರಗು ಸರಿಮಾಡಿಕೊಂಡಳು. ಬಾಗಿಲ ತನಕ ಹೋಗಿ, ತಿರುಗಿ ನಿಂತು, ತೊಟ್ಟಿಯ ಕಡೆ ಕೈಮಾಡಿದಳು. 'ಅದನ್ನೂ ಒಯ್ರಿ.'

'ಸಾವಕಾರನ್ನ?'

'ಭಿನ್ನ ಆದದ್ದು ಮನ್ಯಾಗ ಇಟ್ಕೋಬಾರದು ಅಂತಾರ. ಹರಿಯೂ ನೀರಿಗೆ ಬಿಟ್ರ ಅದರ ಹಣೀಬಾರ ಅದು ನೋಡ್ಕೋತದ. ಅದರ ಮುಂದ ಕೂತು ಕೂತು ನೀವೂ ಹಂಗ ಆಗ್ಲಿಕ್ಹತ್ತೀರಿ.'

ಮಾತು ಮೀನಿನದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೂ ಆ ಮಾತು ಮೀನನ್ನು ದಾಟಿ ನೇರ ಬಂದು ಅವನ ಎಡಗೈಯ ಮೇಲೆ ಕೂತಿತು. ಇದ್ದ ಮೂರರಲ್ಲಿ ಎರಡು ಭಿನ್ನ ಇಂದು ಮನೆ ಬಿಡುತ್ತವೆ, ಮೂರನೆಯದರ ಕೈಯಲ್ಲೇ ಕಳಿಸುತ್ತಿದ್ದಾಳೆ, ಇದಕ್ಕಿಂತ ಸೋವಿ ಹಾದಿ ಬೇರೆ ಯಾವುದಿದೆ ಎಂದುಕೊಂಡ. ಹೀಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ವರ್ಷವಿಡೀ ತನ್ನ ಮೈ ಒರೆಸಿದ ಹೆಂಗಸು ಅವಳು. ಅವಳು ಹಿತ್ತಲ ಕಡೆ ಏನೋ ಸದ್ದು ಮಾಡುತ್ತಿರುವಾಗಲೇ ಅವನು ಮುಚ್ಚಳದ ಹಾಲಿನ ಕ್ಯಾನಿಗೆ ಮೀನನ್ನು ಇಳಿಸಿ, ತೊಟ್ಟಿಯ ನೀರು ಚೆಲ್ಲಿ, ತೊಟ್ಟಿಯನ್ನು ಬೋರಲು ಹಾಕಿ, ಕೋಲು ತೆಗೆದುಕೊಂಡು ಮೆಟ್ಟಿಲಿಳಿದ. ಹೋಗಿ ಬರುತ್ತೇನೆ ಎಂದು ಹೇಳಲಿಲ್ಲ. ಹೇಳಬೇಕಾಗಿತ್ತು.

ಪ್ಯಾಸೆಂಜರ್ ಗಾಡಿಯಲ್ಲಿ ಮಂದಿ ಕಡಿಮೆಯಿತ್ತು. ಕಿಟಕಿಯ ಪಕ್ಕ ಕೂತು ಕ್ಯಾನನ್ನು ಮಂಡಿಗಳ ನಡುವೆ ಇಟ್ಟುಕೊಂಡ. ಗಾಡಿ ಅಲುಗಿದಾಗಲೆಲ್ಲ ನೀರು ಗೊಳಕ್ ಎನ್ನುತ್ತಿತ್ತು, ಆ ಸದ್ದಿಗೆ ಎದುರು ಕೂತ ಮುದುಕಿ ಕತ್ತೆತ್ತಿ ನೋಡುತ್ತಿದ್ದಳು. ಹಣೆತುಂಬ ವಿಭೂತಿ, ಕಾಲ ಹತ್ತಿರ ಒಂದು ಗಂಟು ಸೊಪ್ಪು, ಸುಮ್ಮನೆ ಕೂರುವ ಸ್ವಭಾವದವಳಲ್ಲ ಎಂದು ಮುಖವೇ ಹೇಳುತ್ತಿತ್ತು. ದೇಸೂರು ದಾಟುವ ತನಕ ತಡೆದುಕೊಂಡಳು, ಅದೇ ಹೆಚ್ಚು.

'ಏನೈತ್ರಿ ಅದರಾಗ? ಹಾಲಲ್ಲ, ಸಪ್ಪಳ ಬ್ಯಾರೆ ಐತಿ.'

'ಮೀನು.'

'ಮೀನ? ನಾವು ತಿನ್ನೂದಿಲ್ರಿ' ಎಂದು ಕಾಲು ಹಿಂದಕ್ಕೆಳೆದುಕೊಂಡಳು.

'ನಾವೂ ತಿನ್ನೂದಿಲ್ರಿ. ಸಾಕಿದ್ದು.'

ಅಂದ ಮೇಲೆ ನೋಡಲಿಕ್ಕೇನು ಅಡ್ಡಿ ಎನ್ನುವಂತೆ ಅವಳು ತಾನೇ ಮುಚ್ಚಳ ತೆಗೆದು ಬಗ್ಗಿದಳು. ಮುಖ ಸಣ್ಣದಾಯಿತು. 'ಸತ್ತೈತಲ್ರಿ ಅಣ್ಣಾ.'

'ಸತ್ತಿಲ್ಲ. ಅದು ಇರೂದೇ ಹಂಗ. ಅಂಗಾತ.'

'ಹಂಗಂದ್ರ ಉಣ್ಣೂದು?'

'ನಾ ಉಣಸ್ತೀನಿ.'

ಅವಳ ಕಣ್ಣು ಕೋಲಿನ ಮೇಲೆ, ಅಲ್ಲಿಂದ ತೊಡೆಯ ಮೇಲೆ ಬಿದ್ದಿದ್ದ ಎಡಗೈಯ ಮೇಲೆ ಹೋಗಿ ನಿಂತಿತು. ಎಲ್ಲರ ಕಣ್ಣೂ ಹೋಗುತ್ತದೆ, ಹೋದ ಕೂಡಲೇ ಸರಿಯುತ್ತದೆ. ಈ ಮುದುಕಿಯದು ಸರಿಯಲಿಲ್ಲ. 'ಈ ಕೈಲೇ?' ಎಂದು ಕೇಳಿದಳು. ಅವನು ಹೂಂ ಎಂದ. 'ಈಗ ಎಲ್ಲಿಗೆ ಒಯ್ಯಾಕ ಹತ್ತೀರಿ?'

ಹೊಳೆಗೆ ಬಿಡಲು ಒಯ್ಯುತ್ತಿದ್ದೇನೆ ಎಂದು ಹೇಳಲು ಬಾಯಿ ತೆರೆದ. ನಾಲಿಗೆ ಬೇರೆಯದನ್ನೇ ಹೇಳಿತು. 'ಲೋಂಡಾಕ್ಕ. ಅಲ್ಲಿ ಒಬ್ಬ ಡಾಕ್ಟರ್ ಇದ್ದಾರ.'

'ಮೀನಿನ ಡಾಕ್ಟರ್?'

'ಹೂಂ.'

'ಲೋಂಡಾದಾಗ?'

'ಹೂಂ.'

ಅವಳು ನಂಬಿಬಿಟ್ಟಳು. ನಂಬಿದ್ದಷ್ಟೇ ಅಲ್ಲ, ಹೊಗಳಿದಳು. ತಮ್ಮ ಪಾರಿಶ್ವಾಡದಲ್ಲಿ ಹೈನದ ಎಮ್ಮೆಯ ಕಾಲು ಮುರಿದರೂ ಇಷ್ಟು ಮಾಡುವವರಿಲ್ಲ ಎಂದಳು. 'ಯಾವ ತಾಯಿ ಹಡದಾಳ ನಿಮ್ಮನ್ನ. ಮನ್ಯಾಕಿನೂ ಪುಣ್ಯವಂತಿ ಇರಬೇಕು, ಇಂಥಾದ್ದನ್ನ ಮನ್ಯಾಗ ಇಟ್ಕೊಂಡಾಳಂದ್ರ' ಎಂದು ಎದೆಯ ಮೇಲೆ ಸೀರೆಯೊಳಗಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು. ತ್ರ್ಯಂಬಕನಿಗೆ ಮೈಯೆಲ್ಲ ಕಿವಿಯಾಗಿ, ಕಿವಿಯೆಲ್ಲ ಬಿಸಿಯಾಯಿತು. ಜೋಳಿಗೆಯೊಳಗಿನ ಖಣದ ಗಂಟು ಪಕ್ಕೆಗೆ ಒತ್ತುತ್ತಿತ್ತು.

ಖಾನಾಪುರ ಬಂತು. ಇಳಿಯಬೇಕಾದ ಊರು, ಟಿಕೀಟು ಅಲ್ಲಿಗೇ, ಹೊಳೆಯೂ ಅಲ್ಲೇ. ಮುದುಕಿ ಸೊಪ್ಪಿನ ಗಂಟು ಹೊತ್ತು ಇಳಿದಳು. ಇಳಿದವಳು ಪಾರಿಶ್ವಾಡದ ಬಸ್ಸು ಹಿಡಿಯಲು ಹೋಗಬಾರದೇ, ಕಿಟಕಿಯ ಹತ್ತಿರ ಬಂದು ಸರಳು ಹಿಡಿದು ನಿಂತಳು. 'ಪಾರಿಶ್ವಾಡದ ಅಕ್ಕವ್ವ ಕೇಳ್ಯಾಳ ಅಂತ ಹೇಳ್ರಿ ಡಾಕ್ಟರಗ. ಛಂದಂಗಿ ನೋಡಂತ ಹೇಳ್ರಿ.' ತ್ರ್ಯಂಬಕ ಹೇಳುತ್ತೇನೆ ಎಂದ. ಅವಳ ಕಣ್ಣೆದುರಿಗೆ ಕ್ಯಾನು ಎತ್ತಿಕೊಂಡು ಇಳಿಯುವುದಾದರೂ ಹೇಗೆ? ಮನಸ್ಸಿನಲ್ಲೇ, ಹೋಗು ತಾಯಿ, ನಿನ್ನ ಬಸ್ಸು ತಪ್ಪುತ್ತದೆ, ಎಂದು ಬೇಡಿಕೊಂಡ. ಅವಳು ಹೋಗಲಿಲ್ಲ. ಗಾಡಿ ಹೊರಟಿತು. ಅವಳು ಕೈಯೆತ್ತಿದಳು, ಅವನೂ ಎತ್ತಿದ, ಖಾನಾಪುರ ಹಿಂದೆ ಸರಿಯಿತು. ಇದ್ದೂ ಇದ್ದೂ ಒಬ್ಬ ಅಪರಿಚಿತ ಮುದುಕಿಯ ಮರ್ಯಾದೆಗೆ ಕಟ್ಟುಬಿದ್ದು, ಇಲ್ಲದ ಡಾಕ್ಟರನ ಊರಿಗೆ ಹೊರಟ ಗಂಡಸು ಈ ಗಾಡಿಯಲ್ಲಿ ತಾನೊಬ್ಬನೇ ಇರಬೇಕು ಎನ್ನಿಸಿ, ಆ ಸಂಕಟದಲ್ಲೂ ಅವನಿಗೆ ನಗೆ ಬಂತು.

ಗುಂಜಿ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ಬಂದು ಕಿಟಕಿಗೆ ಹತ್ತಿತು. ಬಲಗಡೆಯ ಕಾಡು ಕಂಡಿತು. ಎಡಗಡೆಗೂ ಇರಬೇಕು ಎಂದು ಕತ್ತು ತಿರುಗಿಸಿದ, ಇತ್ತು. ಲೋಂಡಾದಲ್ಲಿ ಇಳಿದಾಗ ತಿರುಗಿ ಹೋಗುವ ಗಾಡಿ ಮಧ್ಯಾಹ್ನ ಕಳೆದ ಮೇಲೆ ಎಂದು ತಿಳಿಯಿತು. ಪ್ಲಾಟ್‌ಫಾರ್ಮಿನ ತುದಿಯ ಬೆಂಚು ಹುಡುಕಿ ಕೂತು, ಕಾಗದದ ಪೊಟ್ಟಣದಲ್ಲಿದ್ದ ಬಟಾಣಿ ಸುಲಿದು, ಕ್ಯಾನಿನೊಳಗೆ ಎಡಗೈ ಇಳಿಸಿದ. ಮೀನು ಬಂದು ಅಂಗೈಯಲ್ಲಿ ತಂಗಿತು. ಗೋವೆಯ ಕಡೆಯಿಂದ ಒಂದು ಗೂಡ್ಸ್ ಗಾಡಿ ಬಂದು, ಇನ್ನೇನು ಮುಗಿಯಿತು ಎನ್ನುವಾಗ ಮತ್ತೊಂದಿಷ್ಟು ಡಬ್ಬಿಗಳಾಗಿ, ಮುಗಿಯದೆ ಹೋಗುತ್ತಿತ್ತು. ಸಾಗವಾನಿ ಎಲೆಗಳ ಮೇಲೆ ಬಿಸಿಲು ನಿದ್ದೆ ಹೋಗಿತ್ತು. ಸಾವಕಾರನಿಗೆ ಆಕಾಶ ಕಾಲ ಕೆಳಗೆ, ನೆಲ ತಲೆಯ ಮೇಲೆ. ಅದಕ್ಕೇನೂ ಬೇಜಾರಿದ್ದಂತೆ ಕಾಣುವುದಿಲ್ಲ, ಮಗುಚಿದವರು ಉಳಿದವರೆಲ್ಲ ಎಂದು ತಿಳಿದಿರಬಹುದು. ಮದುವೆಯ ದಿನ ಖಾನಾಪುರದ ಮನೆಯ ಪಡಸಾಲೆಯಲ್ಲಿ ಸುಲಭಾಳ ಆಯಿ ಮಗಳ ಉಡಿಗೆ ಅನ್ನಪೂರ್ಣೆಯನ್ನು ಹಾಕಿ ಅವನ ಕಡೆ ನೋಡಿ, 'ಇವರಿಬ್ಬರನ್ನೂ ಛಂದಂಗೆ ನೋಡ್ಕೋರಿ' ಎಂದಿದ್ದಳು. ಆಗ ಎರಡೂ ಕೈ ಜೋಡಿಸಿ ಹೂಂ ಅಂದಿದ್ದ. ಎರಡೂ ಕೈ ಜೋಡಿಸುವುದು ಎಷ್ಟು ಹಗುರಾಗಿತ್ತು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿ ಹೋದ ಮೇಲೆ ಎದುರಿನ ಮರಗಳ ನಡುವೆ ಒಂದು ಸಣ್ಣ ದವಾಖಾನೆ ಕಂಡಿತು, ಹಸಿರು ಬಾಗಿಲು, ಹೊರಗೆ ಬೆಂಚು, ಬೆಂಚಿನ ಮೇಲೆ ತಂಬಿಗೆ ಕೊಡ ಹಿಡಿದು ಕೂತ ಮಂದಿ. ಅವನ ಪಾಳಿ ಬಂತು. ಡಾಕ್ಟರು ಕ್ಯಾನಿನ ಕಡೆ ನೋಡಲೇ ಇಲ್ಲ. 'ಎಷ್ಟು ಪ್ರತಿಶತ?' ಎಂದು ಅವನನ್ನೇ ಕೇಳಿದರು. ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ಅವನು ಮೇಜಿನ ಆ ಕಡೆ ಕೂತು ಬಂದವರಿಗೆ ಕೇಳುತ್ತಿದ್ದ ಪ್ರಶ್ನೆ ಅದು. ತೋರುಬೆರಳು ಹೋದರೆ ಇಷ್ಟು, ಮೊಣಕೈ ತನಕ ಹೋದರೆ ಇಷ್ಟು ಎಂದು ಮನುಷ್ಯನನ್ನು ತುಂಡು ತುಂಡಾಗಿ ಅಳೆದು ಸಹಿ ಮಾಡುತ್ತಿದ್ದ, ಚಹಾ ಕುಡಿಯುತ್ತಲೇ. ಅವನು ತೊದಲಿದ. ಡಾಕ್ಟರು ಅವನ ಎಡಗೈ ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, 'ಅದೆಲ್ಲಾ ಇರಲಿ. ಮನ್ಯಾಗ ಇಟ್ಕೊಂಡಾರೇನು?' ಎಂದರು. ಇಟ್ಟುಕೊಂಡಿದ್ದಾರೆ ಎನ್ನಬೇಕೋ, ಗೊತ್ತಿಲ್ಲ ಎನ್ನಬೇಕೋ, ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿ ಕಾಯುತ್ತಿದ್ದಾರೆ. ಸೀಟಿಯ ಸದ್ದಿಗೆ ಎಚ್ಚರವಾದಾಗ ಕೈ ಇನ್ನೂ ಕ್ಯಾನಿನೊಳಗೇ ಇತ್ತು, ಮೀನೂ ಅಲ್ಲೇ ಇತ್ತು. ಗಾಡಿ ಬಂದು ನಿಂತಿತ್ತು.

ಖಾನಾಪುರದಲ್ಲಿ ರಿಕ್ಷಾದವನು ಘಾಟಿನ ತನಕ ಬಿಟ್ಟು, 'ಹೊತ್ತ ಮುಳುಗಾಕ ಬಂತ್ರಿ, ಲಗೂ ಬರ್ರಿ' ಎಂದು ಬೀಡಿ ಹಚ್ಚಿಕೊಂಡ. ಮಳೆ ನಿಂತು ತಿಂಗಳಾಗಿತ್ತು, ಮಲಪ್ರಭೆ ತಿಳಿಯಾಗಿ, ಸದ್ದಿಲ್ಲದೆ ಹರಿಯುತ್ತಿದ್ದಳು. ಕಲ್ಲಿನ ಮೇಲೆ ಒಬ್ಬ ಹೆಂಗಸು ಒಗೆದ ಬಟ್ಟೆ ಹಿಂಡುತ್ತಿದ್ದಳು, ಅಷ್ಟೇ ಮಂದಿ. ಕೋಲೂರಿ ಒಂದೊಂದೇ ಮೆಟ್ಟಿಲಿಳಿದು ಕೊನೆಯದರ ಮೇಲೆ ಕೂತು ಕಾಲು ನೀರಿಗೆ ಬಿಟ್ಟ. ಬಲಗಾಲಿಗೆ ನೀರು ಥಂಡಿಯಾಗಿತ್ತು. ಎಡಗಾಲಿಗೆ ನೀರೇ ಇರಲಿಲ್ಲ. ಖಣದ ಗಂಟನ್ನು ಹಲ್ಲಿನಿಂದ ಬಿಚ್ಚಿದ. ಅನ್ನಪೂರ್ಣೆ ಒಂದೇ ಕೈಯಲ್ಲಿ ಕೂತಿದ್ದಳು, ಮುರಿದ ಕೈ ಪಕ್ಕದಲ್ಲಿ, ಸುತ್ತ ನಾಲ್ಕು ಕಾಳು ಅಕ್ಕಿ. ಹಣೆಗೆ ಒತ್ತಿಕೊಂಡು, ಹೋಗಿ ಬಾ ಎನ್ನಬಾರದು ಎಂದು ನೆನಪಾಗಿ, ನೀರಿಗೆ ಬಿಟ್ಟ. ಹಿತ್ತಾಳೆ ಒಮ್ಮೆ ಮಿನುಗಿ ಹೋಯಿತು. ಅವನಿಗೆ ಅಳು ಬಂತು, ತಡೆಯಲಿಲ್ಲ. ಬಟ್ಟೆ ಹಿಂಡುತ್ತಿದ್ದ ಹೆಂಗಸು ಬೇರೆ ಕಡೆ ನೋಡಿದಳು.

ಇನ್ನು ಇದು. ಕ್ಯಾನನ್ನು ವಾಲಿಸಿ, ಎಡಗೈಯನ್ನು ಹೊಳೆಗೆ ಇಳಿಸಿ ಮೀನನ್ನು ಅಂಗೈಗೆ ಹರಿಸಿಕೊಂಡ. ಇಷ್ಟು ದೊಡ್ಡ ನೀರು ಅದು ಹುಟ್ಟಿದಾರಭ್ಯ ಕಂಡದ್ದಲ್ಲ. ರೆಕ್ಕೆ ಬಡಿಯದೆ, ಕಣ್ಣು ಮಿಟುಕಿಸಲೂ ಬರದ ಆ ಜೀವ, ಅಂಗೈಯ ಮೇಲೆ ಅಂಗಾತ ಬಿದ್ದುಕೊಂಡು ಹೊಳೆಯ ತಳದ ಕಲ್ಲುಗಳನ್ನು ತನ್ನ ಆಕಾಶದಂತೆ ನೋಡುತ್ತಿತ್ತು. ಕೈ ತುಸು ಓರೆ ಮಾಡಿದರೆ ಸಾಕು, ಹರಿವು ಒಯ್ಯುತ್ತದೆ. ಅದರ ಹಣೆಬರಹ ಅದು ನೋಡಿಕೊಳ್ಳುತ್ತದೆ. ಏನು ನೋಡಿಕೊಳ್ಳುತ್ತದೆ, ಆ ಕಲ್ಲಿನ ಮೇಲೆ ಕೂತ ಕೊಕ್ಕರೆ ನೋಡಿಕೊಳ್ಳುತ್ತದೆ. ಅವನು ಕೈ ಓರೆ ಮಾಡಲು ಬಲಗೈಯನ್ನು ನೀರಿಗಿಳಿಸಿದ. ಆಗ ನೋಡಿದ: ಎಡಗೈಯ ಬೆರಳುಗಳು ಮಡಚಿಕೊಂಡಿದ್ದವು. ಥಂಡಿ ತಗುಲಿದರೆ ಈ ಕೈ ಬಿಗಿಯುತ್ತದೆ ಎಂದು ವ್ಯಾಯಾಮ ಮಾಡಿಸುವ ಹುಡುಗಿ ಪೂನಮ ಎಷ್ಟು ಸಲ ಹೇಳಿದ್ದಳು, ದಿನಾ ಬೆಳಿಗ್ಗೆ ಒಂದೊಂದೇ ಬೆರಳನ್ನು ಬಲಗೈಯಿಂದ ಬಿಡಿಸಿಕೊಳ್ಳುವುದು ರೂಢಿಯೇ ಆಗಿತ್ತು. ಬೆರಳುಗಳು ಮೀನನ್ನು ಒತ್ತಿರಲಿಲ್ಲ, ಸುತ್ತುಗಟ್ಟಿದ್ದವು ಅಷ್ಟೇ. ನಡುವೆ ಸಾವಕಾರನ ಹೊಟ್ಟೆ ಏರುತ್ತ ಇಳಿಯುತ್ತ ಇತ್ತು. ಬಿಡಬೇಕೆಂದರೆ ಈಗ ಒಂದೊಂದೇ ಬೆರಳು ಬಿಡಿಸಬೇಕು. ಕಿರುಬೆರಳಿಗೆ ಕೈ ಹಾಕಿದ. ಅಲ್ಲಿಗೇ ನಿಲ್ಲಿಸಿದ. ಮೇಲಿನಿಂದ ರಿಕ್ಷಾದವನು ಹಾರ್ನ್ ಬಾರಿಸಿದ. ತ್ರ್ಯಂಬಕ ಆ ಕೈಯನ್ನು ಹಾಗೇ, ಮುಷ್ಟಿಯೊಳಗಿನ ನೀರಿನ ಸಮೇತ, ಕ್ಯಾನಿನೊಳಗೆ ಇಟ್ಟುಕೊಂಡ. ಬೆರಳು ಬೆಚ್ಚಗಾಗಿ ತಾವಾಗಿ ಬಿಚ್ಚಿಕೊಳ್ಳುವಷ್ಟರಲ್ಲಿ ಗಾಡಿ ಬೆಳಗಾವಿಯ ಹತ್ತಿರ ಬಂದಿತ್ತು.

ಖಾಸಬಾಗದ ಓಣಿಯಲ್ಲಿ ಮಗ್ಗಗಳು ಇನ್ನೂ ನಿಂತಿರಲಿಲ್ಲ. ಅವುಗಳ ಖಟಖಟ ಸದ್ದಿನ ಮರೆಯಲ್ಲಿ, ಕೋಲಿನ ಸದ್ದಾಗದಂತೆ ಮೆಟ್ಟಿಲು ಹತ್ತಿದ. ಅಡಿಗೆಮನೆಯಲ್ಲಿ ದೀಪ ಇತ್ತು.

'ಬಂದ್ರಿ?' ಎಂದಳು ಸುಲಭಾ, ಒಳಗಿನಿಂದಲೇ.

'ಬಂದೆ.'

'ಇಷ್ಟೊತ್ತು? ಫೋನ್ ಎತ್ಲಿಲ್ಲ.'

'ಗಾಡಿ ತಡಾ ಆತು.'

ಪಾತ್ರೆಯಲ್ಲಿ ಸೌಟು ಆಡಿಸಿದಳು. 'ಬಿಟ್ಟ್ರಿ?'

'ಬಿಟ್ಟೆ' ಎಂದ. ಅರ್ಧ ಖರೇ ಮಾತು. ಇನ್ನರ್ಧವನ್ನು ಹಿಡಿದುಕೊಂಡು ನೇರ ಹಿತ್ತಲ ಬಚ್ಚಲಿಗೆ ಹೋದ. ಅಲ್ಲಿ ನಿಂತ ಮೇಲೆ ತಿಳಿಯಿತು, ಎಲ್ಲಿಗೂ ಬಂದಂತಾಗಲಿಲ್ಲ. ತೊಟ್ಟಿ ಬರಿದು, ಬೆಳಿಗ್ಗೆ ತಾನೇ ಬೋರಲು ಹಾಕಿದ್ದು. ನಳದ ಹಸಿ ನೀರಿಗೆ ಹಾಕಿದರೆ ಔಷಧಕ್ಕೆ ಮೀನು ಬೆಳಗಿನ ತನಕ ಉಳಿಯುವುದಿಲ್ಲ. ಕ್ಯಾನಿನ ನೀರು ದಿನವಿಡೀ ಕುಲುಕಿ ಮಂದವಾಗಿತ್ತು, ಸಾವಕಾರ ಬಾಯಿ ಮೇಲೆ ಮಾಡಿ ಗಾಳಿ ಹುಡುಕುತ್ತಿದ್ದ. ಹೊಳೆಯಿಂದ ತಿರುಗಿ ತಂದದ್ದು ಬಚ್ಚಲಲ್ಲಿ ಸಾಯಿಸಲಿಕ್ಕೆ. ಕಳ್ಳನ ಹಾಗೆ ಕತ್ತಲಲ್ಲಿ ಕ್ಯಾನು ಹಿಡಿದು ನಿಂತ ತನ್ನನ್ನು ಬಸವಪ್ರಸಾದ ನೋಡಬೇಕಿತ್ತು. ಒಳಗೆ ಸೌಟಿನ ಸದ್ದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ.

'ಎಡಕ್ಕ ನೋಡ್ರಿ.'

ಸುಲಭಾ ಬಾಗಿಲಲ್ಲಿ ನಿಂತಿದ್ದಳು. ಅವನು ಕತ್ತು ತಿರುಗಿಸಿದ, ಇನ್ನೂ ತಿರುಗಿಸಿದ. ಗೋಡೆಗೆ ಹತ್ತಿ ಬಕೆಟ್ಟು ಇತ್ತು, ಕಂಠಮಟ ನೀರು, ಮೇಲೆ ಧೂಳು ಬೀಳದಂತೆ ಅವಳ ಹಳೆಯ ದುಪಟ್ಟಾದ ತುಂಡು. ದಿನಾ ಬೆಳಿಗ್ಗೆ ನಾಳೆಗೆಂದು ತುಂಬಿಡುವ ಬಕೆಟ್ಟು ಅದು.

'ಮುಂಜಾನೆ ನಳ ಬಂದಿತ್ತು, ತುಂಬಿಸಿಟ್ಟೆ' ಎಂದಳು. 'ತುಂಬಿಸಿದ ಮ್ಯಾಲೆ ನೆನಪಾತು, ಇನ್ನ ಈ ನೀರು ಯಾರಿಗೆ ಅಂತ. ಹೊರಗ ಬಂದು ನೋಡಿದ್ರ ನೀವು ಹೇಳದ ಹೋಗಿದ್ರಿ. ಚೆಲ್ಲಬೇಕಂತ ಎತ್ತಿದೆ. ಕೈ ಬರಲಿಲ್ಲ.' ಸೆರಗಿನಿಂದ ಮೂಗು ಒರೆಸಿಕೊಂಡಳು, ಸಿಟ್ಟು ಬಂದವರ ಹಾಗೆ. 'ಸಾಲ್ಯಾಗ ದಿನಪೂರ್ತಿ ಹುಡುಗ್ರ ಮ್ಯಾಲೆ ಒದರಿದೆ ನಾ ಇವತ್ತ.'

'ಅನ್ನಪೂರ್ಣಿ ಬಿಟ್ಟೆ. ಖರೇನ ಬಿಟ್ಟೆ.'

'ಗೊತ್ತದ.'

'ನನ್ನ ಕೈಲೇ ಮುರೀತು.'

'ಅದೂ ಗೊತ್ತದ' ಎಂದಳು. ಅವಳ ಗಲ್ಲ ಅದುರಿತು, ಆ ಮೂರ್ತಿಗಾಗಿ ಅವಳು ಅತ್ತದ್ದು ಅವನು ಕಂಡಂತೆ ಅದೇ ಮೊದಲು. ಅವಳನ್ನು ಅಳಲು ಬಿಟ್ಟು ನಿಂತ. ಆಮೇಲೆ, ಬೆಳಿಗ್ಗೆಯಿಂದ ಎದೆಯಲ್ಲಿ ಕೂತಿದ್ದನ್ನು, ಕ್ಯಾನಿನೊಳಗೆ ನೋಡುತ್ತಲೇ ಕೇಳಿದ. 'ಭಿನ್ನ ಆದದ್ದು ಇಟ್ಕೋಬಾರದು ಅಂದಿ. ನನಗೂ ಹತ್ತಿತು ಅದು.'

ಸುಲಭಾ ಅವನ ಮುಖವನ್ನು ನೋಡಿದಳು. ಒದ್ದೆ ಕಣ್ಣಲ್ಲೇ ಹಳೆಯ ತಂಟೆಯ ಸುಲಭಾ ಒಂದು ಕ್ಷಣ ಬಂದು ಹೋದಳು. 'ನಿಮ್ಮನ್ನ ಬಿಡೂವಷ್ಟು ದೊಡ್ಡ ಹೊಳಿ ಖಾನಾಪುರದಾಗ ಇಲ್ಲ' ಎಂದಳು. 'ಅತ್ತ ಸರೀರಿ, ಅದಕ್ಕ ಉಸಿರು ಹತ್ತೇದ.'

ಅವಳೇ ದುಪಟ್ಟಾ ಸರಿಸಿದಳು. ಅವಳೇ ಕ್ಯಾನಿನೊಳಗೆ ಕೈಹಾಕಿ ಮೀನನ್ನು ಎತ್ತಿ ಬಕೆಟ್ಟಿಗೆ ಒಯ್ದಳು, ಇಷ್ಟು ದಿನಗಳಲ್ಲಿ ಅದನ್ನು ಮುಟ್ಟಿದ್ದು ಇದೇ ಮೊದಲು. ಸಾವಕಾರ ಹೆದರಿ ಒದ್ದಾಡಿದ, ನೀರು ಅವಳ ಮುಖಕ್ಕೆ ಹಾರಿತು.

'ಬಿಗಿ ಹಿಡೀಬ್ಯಾಡ.'

'ಹಿಡದೇ ಇಲ್ಲ ನಾ.'

'ಹಿಡದಿ. ಕೈಯಾಗ ಜೀವಾನ ಇಲ್ಲ ಅಂತ ತಿಳಕೊಂಡು ಬಿಡು.'

ಅವನು ಗೋಡೆಗೆ ಆತು ಮೆಲ್ಲಗೆ ಕೂತ. ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಬಕೆಟ್ಟಿನೊಳಗೆ ಅವಳ ಕೈಯ ಕೆಳಗೆ ಇಟ್ಟ. ಅವಳ ಬೆರಳುಗಳು ಆ ಕೈಯ ಮೇಲೆ ಭಾರ ಬಿಟ್ಟು, ನಿಧಾನಕ್ಕೆ ಸಡಿಲಾದವು. ಮೀನು ಒಂದು ಸುತ್ತು ಹೊಡೆದು ಬಂದು, ಹೊಟ್ಟೆ ಮೇಲಾಗಿ, ಅವಳ ಅಂಗೈಯಲ್ಲಿ ತಂಗಿತು. ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

'ಬಟಾಣಿ ಬೇಕಿತ್ತು' ಎಂದ ತ್ರ್ಯಂಬಕ. 'ಮುಂಜಾನಿದು ಲೋಂಡಾದಾಗ ಮುಗೀತು.'

ಲೋಂಡಾ ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಮೀನಿನ ಮೇಲಿನ ಕಣ್ಣು ತೆಗೆಯದೆ, 'ಎಡಕ್ಕ' ಎಂದಳು.

ನೋಡಿದ. ಬಕೆಟ್ಟಿನ ಆಚೆ, ಕಟ್ಟೆಯ ಮೇಲೆ, ದೇವರ ಮನೆಯ ಅಕ್ಕಿಯ ಬಟ್ಟಲಿನಲ್ಲಿ, ಸುಲಿದ ಬಟಾಣಿ ಇತ್ತು.